ಇಪ್ಪತ್ತು ಮೈಲಿಯ ಲಾರಿಗಳು



1957ಕ್ಕಿಂತ ಹಿಂದೆ ಇಂಗ್ಲೆಂಡಿನಲ್ಲಿ ದೊಡ್ಡ ಲಾರಿಯೊಂದರ ಹಿಂದೆ ಸಿಕ್ಕಿಕೊಂಡವರ ಕಣ್ಣಿಗೆ ದಾರಿಯುದ್ದಕ್ಕೂ ಒಂದೇ ಅಂಕಿ ಕಾಣುತ್ತಿತ್ತು. ಆ ಅಂಕಿ 20. ಖಾಲಿ ಇದ್ದಾಗಲೇ 3 ಟನ್ನಿಗಿಂತ ಹೆಚ್ಚು ತೂಗುವ ಲಾರಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ಮೀರಿ ಓಡುವ ಹಾಗಿರಲಿಲ್ಲ. ಹಾಗೆಂದು ಬೆನ್ನ ಮೇಲೆ ಫಲಕ ಹಾಕಿಕೊಂಡೇ ಅದು ರಸ್ತೆಗಿಳಿಯಬೇಕಿತ್ತು. ಡ್ರೈವರು ದಿನಕ್ಕೆ 11 ಗಂಟೆಗಿಂತ ಹೆಚ್ಚು ಗಾಡಿ ಓಡಿಸಬಾರದು ಎಂದು ಇನ್ನೊಂದು ಕಟ್ಟಳೆ. ಲಂಡನ್ನಿನಿಂದ ಗ್ಲಾಸ್ಗೋ ಸುಮಾರು 400 ಮೈಲಿ ದೂರ. ಎಲ್ಲೂ ನಿಲ್ಲದೆ ಹೋದರೂ 20 ಗಂಟೆ ಬೇಕು. ಕಾನೂನಿಗೆ ತಲೆಬಾಗಿ ನಡೆಯುವವನಿಗೆ ಅದು ಎರಡು ದಿನದ ಹಾದಿ. ನಡುವೆ ಒಂದು ರಾತ್ರಿ ಪರಸ್ಥಳದಲ್ಲಿ ಕಳೆಯಲೇಬೇಕು.

ಇವತ್ತು ಆ ಲಾರಿಗಳ ಬಗ್ಗೆ, ಅವನ್ನು ಓಡಿಸಿದವರ ಬಗ್ಗೆ ಮಾತಾಡಬೇಕೆಂದಿದ್ದೇನೆ. ಲೇಲ್ಯಾಂಡ್, ಎಇಸಿ, ಫೋಡೆನ್, ಇಆರ್‌ಎಫ್, ಆಟ್ಕಿನ್ಸನ್, ಸ್ಕ್ಯಾಮೆಲ್, ಆಲ್ಬಿಯನ್, ಗೈ, ಥಾರ್ನಿಕ್ರಾಫ್ಟ್, ಬೆಡ್‌ಫೋರ್ಡ್, ಕಾಮರ್. ಒಂದು ಕಾಲದಲ್ಲಿ ಲೋಕದ ಅರ್ಧ ರಸ್ತೆಗಳಲ್ಲಿ ಕಾಣುತ್ತಿದ್ದ ಈ ಹೆಸರುಗಳ ಹೊಸ ಲಾರಿಯನ್ನು ಇಂದು ಬ್ರಿಟನ್ನಿನ ಯಾವ ಅಂಗಡಿಯಲ್ಲೂ ಕೊಳ್ಳಲಾಗುವುದಿಲ್ಲ. ಇಷ್ಟು ಒಳ್ಳೆಯ ಗಾಡಿಗಳು ಇಷ್ಟು ಪೂರ್ತಿಯಾಗಿ ಮಾಯವಾದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ನನಗೆ ತೋಚುವ ಉತ್ತರ ಆ 20ರ ಫಲಕದಲ್ಲೇ ಇದೆ. ಆ ಲಾರಿಗಳನ್ನು ರೂಪಿಸಿದ್ದು ನಿಧಾನ. ಅವುಗಳ ಎಂಜಿನ್ನು, ಕ್ಯಾಬಿನ್ನು, ಅವನ್ನು ಓಡಿಸುವ ವಿದ್ಯೆ, ರಸ್ತೆ ಬದಿಯ ಚಹಾದಂಗಡಿ ಎಲ್ಲವೂ ನಿಧಾನದ ಲೆಕ್ಕದಲ್ಲಿ ಹುಟ್ಟಿದವು. ನಿಧಾನ ಹೊರಟುಹೋದ ದಿನ ಅವುಗಳಿಗೂ ನಿಲ್ಲಲು ನೆಲ ಉಳಿಯಲಿಲ್ಲ.

ಎಂಜಿನ್ನಿನಿಂದಲೇ ಶುರುಮಾಡೋಣ. ಮ್ಯಾಂಚೆಸ್ಟರ್ ಹತ್ತಿರದ ಪ್ಯಾಟ್ರಿಕ್ರಾಫ್ಟ್ ಎಂಬಲ್ಲಿ ಗಾರ್ಡ್‌ನರ್ ಮನೆತನದ ಕಾರ್ಖಾನೆ ಇತ್ತು. 1931ರಲ್ಲಿ ಅವರು ಎಲ್‌ಡಬ್ಲ್ಯೂ ಎಂಬ ಡೀಸೆಲ್ ಎಂಜಿನ್ ಸರಣಿಯನ್ನು ಹೊರತಂದರು. ಅದರಲ್ಲಿ ಆರು ಸಿಲಿಂಡರಿನದು 8.4 ಲೀಟರ್ ಗಾತ್ರದ್ದು, ಶಕ್ತಿ 102 ಅಶ್ವಶಕ್ತಿ, ನಿಮಿಷಕ್ಕೆ 1,700 ಸುತ್ತು. ಅದಕ್ಕಿಂತ ಜೋರಾಗಿ ತಿರುಗಲು ಅದಕ್ಕೆ ಮನಸ್ಸೇ ಇಲ್ಲ. ಈಗಿನ ಸಾಧಾರಣ ಕಾರಿನ ಎಂಜಿನ್ನಿಗೂ ನೂರು ಅಶ್ವಶಕ್ತಿ ಇರುತ್ತದೆ. ಆದರೆ ಆ ನೂರೆರಡನ್ನು ಇಟ್ಟುಕೊಂಡು ಗಾರ್ಡ್‌ನರ್ 22 ಟನ್ನಿನ ಎಂಟು ಚಕ್ರದ ಲಾರಿಯನ್ನು ಎಳೆಯುತ್ತಿತ್ತು. ಒಂದೇ ಹದದಲ್ಲಿ, ವರ್ಷಗಟ್ಟಲೆ, ತೀರ ಕಡಿಮೆ ಎಣ್ಣೆ ಕುಡಿದು. ಇದು ಮಿತವ್ಯಯದ ಎಂಜಿನ್ನು ಎಂಬ ಹೆಸರು ಎಷ್ಟಿತ್ತೆಂದರೆ ಕೊಳ್ಳುವವರು ತಿಂಗಳುಗಟ್ಟಲೆ ಸರದಿ ಕಾಯುತ್ತಿದ್ದರು. ಫೋಡೆನ್, ಇಆರ್‌ಎಫ್, ಆಟ್ಕಿನ್ಸನ್, ಗೈ, ಸ್ಕ್ಯಾಮೆಲ್ ಎಲ್ಲರೂ ಗಾರ್ಡ್‌ನರ್ ಹಾಕಿ ಮಾರಿದವರೇ. ಮೂತಿಯ ಮೇಲಿನ ಹೆಸರು ಯಾವುದಾದರೂ ಇರಲಿ, ಒಳಗೆ ಗಾರ್ಡ್‌ನರ್ ಇದೆಯೇ ಎಂದು ಕೇಳುವ ಮಾಲೀಕರಿದ್ದರು.

ಈ ಹೆಸರುಗಳಲ್ಲಿ ಎರಡರ ಕಥೆ ಹೇಳಲೇಬೇಕು. ಚೆಷೈರಿನ ಸ್ಯಾಂಡ್‌ಬ್ಯಾಚ್ ಸಣ್ಣ ಪೇಟೆ. ಅಲ್ಲಿ ಫೋಡೆನ್ ಮನೆತನದವರು ಹಬೆಯಿಂದ ಓಡುವ ಲಾರಿಗಳನ್ನು ಕಟ್ಟಿ ಹೆಸರು ಮಾಡಿದ್ದರು. ಕಲ್ಲಿದ್ದಲು, ಬಾಯ್ಲರು, ಹೊಗೆಕೊಳವೆ ಎಲ್ಲ ಇರುವ ಲಾರಿ ಅದು. ಮನೆತನದ ಎಡ್ವಿನ್ ರಿಚರ್ಡ್ ಫೋಡೆನ್‌ಗೆ ಮಾತ್ರ ಮುಂದಿನ ಕಾಲ ಡೀಸೆಲ್ಲಿನದು ಎಂಬುದು ಖಚಿತವಾಗಿತ್ತು. ಕಂಪನಿಯೊಳಗೆ ಆ ಮಾತು ನಡೆಯಲಿಲ್ಲ. ಅವರು ಹೊರಗೆ ಬಂದು, ಮಗ ಡೆನ್ನಿಸ್ ಜೊತೆ ಸೇರಿ, 1933ರಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳಿಂದಲೇ ಇಆರ್‌ಎಫ್ ಸ್ಥಾಪಿಸಿದರು. ಆಗ ಅವರಿಗೆ 63 ವರ್ಷ. ಬೇರೆಯವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವರು ಹೊಸ ಲಾರಿ ಕಟ್ಟಿದರು. ಗಾರ್ಡ್‌ನರ್ ಎಂಜಿನ್ನು, ಡೇವಿಡ್ ಬ್ರೌನ್ ಗೇರ್‌ಬಾಕ್ಸು, ಕರ್ಕ್‌ಸ್ಟಾಲ್ ಆಕ್ಸಲ್ಲು, ಊರಿನ ಜೆನಿಂಗ್ಸ್ ಬಡಗಿಗಳು ಮಾಡಿದ ಕ್ಯಾಬಿನ್ನು. ಇಷ್ಟನ್ನು ಜೋಡಿಸಿದರೆ ಇಆರ್‌ಎಫ್. ಅದೇ ವರ್ಷ ಬಂದ ತೆರಿಗೆ ಕಾಯ್ದೆ ಹಬೆ ಲಾರಿಗಳ ಕತ್ತು ಹಿಸುಕಿತು, ಏಕೆಂದರೆ ತೂಕದ ಮೇಲೆ ತೆರಿಗೆ ಬಿದ್ದಾಗ ಬಾಯ್ಲರು, ನೀರು, ಇದ್ದಲು ಹೊತ್ತು ತಿರುಗುವ ಗಾಡಿ ಬದುಕಲಾರದು. ಫೋಡೆನ್ನರೂ ಡೀಸೆಲ್ಲಿಗೆ ಬಂದರು. ಆಮೇಲಿನ ಅರ್ಧ ಶತಮಾನ ಒಂದೇ ಊರಿನಲ್ಲಿ, ಪಾಲಾದ ಅಣ್ಣತಮ್ಮಂದಿರ ಮನೆಗಳ ಹಾಗೆ, ಫೋಡೆನ್ ಮತ್ತು ಇಆರ್‌ಎಫ್ ಎರಡೂ ಲಾರಿ ಮಾಡಿದವು. ಊರಿನವರು ಒಂದೋ ಇಲ್ಲಿ, ಇಲ್ಲವೇ ಅಲ್ಲಿ ಕೆಲಸಕ್ಕಿದ್ದರು. ಫೋಡೆನ್ ಕಾರ್ಖಾನೆಯ ಕೆಲಸಗಾರರಿಂದ ಬೆಳೆದ ಹಿತ್ತಾಳೆ ವಾದ್ಯವೃಂದವೊಂದಿದೆ. ಕಾರ್ಖಾನೆ ಹೋದರೂ ಫೋಡೆನ್ ವಾದ್ಯವೃಂದ ಇವತ್ತಿಗೂ ಬ್ರಿಟನ್ನಿನ ಅತ್ಯುತ್ತಮ ತಂಡಗಳಲ್ಲಿ ಒಂದಾಗಿ ನುಡಿಸುತ್ತಿದೆ.

ಜೆನಿಂಗ್ಸ್ ಬಡಗಿಗಳು ಎಂದೆ. ಆ ಕಾಲದ ಲಾರಿ ಕ್ಯಾಬಿನ್ನಿಗೆ ಆ್ಯಶ್ ಮರದ ಚೌಕಟ್ಟು ಕಟ್ಟಿ, ಮೇಲೆ ಅಲ್ಯುಮಿನಿಯಂ ತಗಡು ಹೊದಿಸುತ್ತಿದ್ದರು. ಬರಿಯ ಷಾಸಿ ತಂದು ಊರಿನ ಶೆಡ್ಡಿನಲ್ಲಿ ಮರದ ಬಾಡಿ ಕಟ್ಟಿಸಿದ ನಮ್ಮ ಲಾರಿ ಮಾಲೀಕರಿಗೆ ಈ ಕೆಲಸದ ರೀತಿ ಹೊಸದಲ್ಲ. ಕೊನೆಗೆ ಬರುವವನು ಅಕ್ಷರ ಬರೆಯುವ ಚಿತ್ರಕಾರ. ನೆತ್ತಿಯ ಹಲಗೆಯ ಮೇಲೆ ಮಾಲೀಕನ ಹೆಸರು, ಬಾಗಿಲ ಮೇಲೆ ಊರು, ಅದರ ಕೆಳಗೆ ಎರಡು ಮೂರಂಕಿಯ ಟೆಲಿಫೋನ್ ನಂಬರು. ಅಕ್ಷರಕ್ಕೆ ನೆರಳು, ಅಂಚಿಗೆ ಸುರುಳಿ ಬಳ್ಳಿ, ಉಳ್ಳವನಾದರೆ ಚಿನ್ನದ ರೇಖು. ತಿಂಗಳುಗಟ್ಟಲೆ ಮಳೆ, ಉಪ್ಪು, ಕೆಸರು ತಿನ್ನುವ ಗಾಡಿಗೆ ಇಷ್ಟು ಅಲಂಕಾರ ಯಾಕೆ ಎಂದು ಕೇಳಬಹುದು. ಆ ಲಾರಿ ಬ್ರಾಡ್‌ಫರ್ಡಿನದೋ ಪ್ರೆಸ್ಟನ್ನಿನದೋ ಎಂಬುದು ಲಂಡನ್ನಿನ ಹಡಗುಕಟ್ಟೆಯಲ್ಲಿ ನಿಂತಾಗ ಎಲ್ಲರಿಗೂ ಗೊತ್ತಾಗಬೇಕಿತ್ತು. ಗಾಡಿ ತನ್ನ ಊರಿನ ಮರ್ಯಾದೆಯನ್ನು ಹೊತ್ತು ಹೋಗುತ್ತಿತ್ತು.

ತಯಾರಕರಿಗೂ ಹೆಸರಿಡುವ ಚಪಲವಿತ್ತು. ಲೇಲ್ಯಾಂಡಿನ ಕಾರ್ಖಾನೆ ಒಂದು ಮೃಗಾಲಯವೇ: ನಾಲ್ಕು ಚಕ್ರದ್ದು ಬೀವರ್, ಆರು ಚಕ್ರದ್ದು ಹಿಪ್ಪೋ, ಎಂಟು ಚಕ್ರದ್ದು ಆಕ್ಟೋಪಸ್. ಲಂಡನ್ ಪಕ್ಕದ ಸೌತಾಲ್‌ನ ಎಇಸಿಯವರಿಗೆ ‘ಮ’ಕಾರದ ಮೋಹ: ಮರ್ಕ್ಯುರಿ, ಮ್ಯಾಟಡಾರ್, ಮ್ಯಾಂಡೇಟರ್, ಮ್ಯಾಮತ್ ಮೇಜರ್. ಗ್ಲಾಸ್ಗೋದ ಆಲ್ಬಿಯನ್ ಲಾರಿಯ ಮೂತಿಯ ಮೇಲೆ ಮೂಡುವ ಸೂರ್ಯನಿರುತ್ತಿದ್ದ. ಸೂರ್ಯೋದಯದಷ್ಟೇ ಖಚಿತ ಎಂಬುದು ಅವರ ಘೋಷಣೆ. ವುಲ್ವರ್‌ಹ್ಯಾಂಪ್ಟನ್ನಿನ ಗೈ ಲಾರಿಯ ಮೇಲೆ ಗರಿಯ ಮುಡಿ ತೊಟ್ಟ ಅಮೆರಿಕದ ಮೂಲನಿವಾಸಿ ನಾಯಕನ ತಲೆ. ಪ್ರೆಸ್ಟನ್ ಬಳಿಯ ಆಟ್ಕಿನ್ಸನ್ನಿನ ರೇಡಿಯೇಟರ್ ಮೇಲೆ ವೃತ್ತದೊಳಗೆ ದೊಡ್ಡ ‘ಎ’. ಆ ವೃತ್ತ ಕನ್ನಡಿಯಲ್ಲಿ ಕಂಡರೆ ದಾರಿ ಬಿಡುತ್ತಿದ್ದರಂತೆ.

ಇನ್ನು ಓಡಿಸುವ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಆ ಕಾಲದ ನಿಜವಾದ ಸಂಪತ್ತು ಇರುವುದು ಡ್ರೈವರ ಕೈಕಾಲುಗಳಲ್ಲಿ.

ಆ ಗೇರ್‌ಬಾಕ್ಸಿನಲ್ಲಿ ಗೇರಿನ ಹಲ್ಲುಗಳನ್ನು ತಾನಾಗಿ ಹೊಂದಿಸುವ ಏರ್ಪಾಡು ಇರಲಿಲ್ಲ. ಡ್ರೈವರೇ ಹೊಂದಿಸಬೇಕು. ಕ್ಲಚ್ಚು ಒತ್ತಿ ನ್ಯೂಟ್ರಲ್ಲಿಗೆ ತರು, ಕ್ಲಚ್ಚು ಬಿಡು, ಎಂಜಿನ್ನಿನ ಸದ್ದು ಬೇಕಾದ ಸ್ವರಕ್ಕೆ ಬರುವ ತನಕ ಕಾಯು, ಮತ್ತೆ ಕ್ಲಚ್ಚು ಒತ್ತಿ ಗೇರು ಹಾಕು. ಇದೇ ಡಬಲ್ ಕ್ಲಚ್ಚು. ಗಾರ್ಡ್‌ನರಿನ ಭಾರವಾದ ಚಕ್ರ ನಿಧಾನವಾಗಿ ಸುತ್ತು ಕಳೆದುಕೊಳ್ಳುತ್ತಿದ್ದುದರಿಂದ ಆ ಕಾಯುವಿಕೆ ದೀರ್ಘವಾಗಿರುತ್ತಿತ್ತು. ಅವಸರ ಮಾಡಿದರೆ ಹಲ್ಲು ಕರಕರ ಕಡಿಯುತ್ತದೆ. ತಡಮಾಡಿದರೆ ಏರಿನಲ್ಲಿ ಗಾಡಿ ನಿಂತೇಹೋಗುತ್ತದೆ. ಇಳಿಜಾರಿನಲ್ಲಿ ಇನ್ನೂ ಭಯ. ತಗ್ಗಿನ ಗೇರನ್ನು ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಅರ್ಧ ದಾರಿಯಲ್ಲಿ ಹಾಕಲು ಹೋಗಿ ತಪ್ಪಿದರೆ ಗಾಡಿ ನ್ಯೂಟ್ರಲ್ಲಿನಲ್ಲಿ ಉಳಿದು, ಇಪ್ಪತ್ತೆರಡು ಟನ್ ಬರಿಯ ಬ್ರೇಕಿನ ಮೇಲೆ ಬೀಳುತ್ತದೆ. ಘಟ್ಟ ಹತ್ತಿದ ಗೇರಿನಲ್ಲೇ ಘಟ್ಟ ಇಳಿ ಎಂಬ ಮಾತನ್ನು ನಮ್ಮ ಹಳೆಯ ಡ್ರೈವರುಗಳೂ ಹೊಸಬರ ಕಿವಿಯಲ್ಲಿ ಊದುತ್ತಿದ್ದರು. ಪವರ್ ಸ್ಟೀರಿಂಗ್ ಇಲ್ಲದೆ ನಾಲ್ಕು ಮುಂಗಾಲಿಗಳನ್ನು ತಿರುಗಿಸುವುದು, ಹಲವು ಸಲ ಎಳೆದು ಎಳೆದು ಬಿಗಿಯುವ ಕೈಬ್ರೇಕು, ಮಂದ ಬೆಳಕಿನ ದೀಪ. ಇವೆಲ್ಲ ತೋಳು ಬೇಡುವ ಕೆಲಸಗಳು.

ಮತ್ತು ಚಳಿ. ಹೀಟರು ಎಂಬುದನ್ನು ಬಹಳ ಮಾಲೀಕರು ಶೋಕಿ ಎಂದು ತಿಳಿದಿದ್ದರು. ಬಾಗಿಲ ಸಂದಿನಿಂದ, ಪೆಡಲುಗಳ ರಂಧ್ರದಿಂದ ಗಾಳಿ ನುಗ್ಗುತ್ತಿತ್ತು. ಕಾಲಿಗೆ ಗೋಣಿಚೀಲ, ಎದೆಗೆ ಕೋಟಿನೊಳಗೆ ಮಡಿಸಿಟ್ಟ ಪತ್ರಿಕೆ. ಪಕ್ಕದಲ್ಲೇ ಇರುವ ಎಂಜಿನ್ನಿನ ಮುಚ್ಚಳ ಒಂದೇ ಬಿಸಿ ಜಾಗ. ಅದರ ಮೇಲೆ ಚಹಾದ ಡಬ್ಬಿ ಇಟ್ಟು, ಆಗಾಗ ಕೈಯನ್ನೂ ಇಟ್ಟು ಬೆಚ್ಚಗಾಗುವುದು. ಅದೇ ಎಂಜಿನ್ನು ದಿನವಿಡೀ ಕಿವಿಯ ಪಕ್ಕ ಗುದ್ದಿ ಎಷ್ಟೋ ಜನರನ್ನು ಕಿವುಡರನ್ನಾಗಿ ಮಾಡಿತು. 1962–63ರ ಚಳಿಗಾಲ ಬ್ರಿಟನ್ನಿನಲ್ಲಿ ಆ ಶತಮಾನದ ಅತಿ ಕಠಿಣ ಚಳಿಗಾಲಗಳಲ್ಲಿ ಒಂದು. ಆಗ ಡೀಸೆಲ್ಲೇ ಮೇಣವಾಗಿ ಕೊಳವೆಗಳಲ್ಲಿ ಕಟ್ಟಿಕೊಂಡಿತು. ಡ್ರೈವರುಗಳು ಚಿಂದಿಗೆ ಬೆಂಕಿ ಹಚ್ಚಿ ಟ್ಯಾಂಕಿನ ಕೆಳಗೆ ಹಿಡಿದರು. ಈಗ ಯೋಚಿಸಿದರೆ ಮೈ ನಡುಗುವ ಕೆಲಸ, ಆಗ ಬೇರೆ ದಾರಿಯಿರಲಿಲ್ಲ.

ಇಂಥ ಡ್ರೈವರುಗಳ ಬಾಯಲ್ಲಿ ಮತ್ತೆ ಮತ್ತೆ ಬರುವ ಜಾಗ ಶ್ಯಾಪ್. ಇಂಗ್ಲೆಂಡಿನಿಂದ ಪಶ್ಚಿಮ ಸ್ಕಾಟ್ಲೆಂಡಿಗೆ ಹೋಗುವ ಎ6 ರಸ್ತೆ ಕೆಂಡಲ್ ಮತ್ತು ಪೆನ್ರಿತ್ ನಡುವೆ ಸುಮಾರು 1,400 ಅಡಿಗೆ ಏರುತ್ತದೆ. ನಮ್ಮ ಘಟ್ಟಗಳ ಮುಂದೆ ಆ ಎತ್ತರ ದೊಡ್ಡದಲ್ಲ. ಆದರೆ ಅಲ್ಲಿ ಮರವಿಲ್ಲ, ಮರೆಯಿಲ್ಲ, ಬಯಲ ಗಾಳಿ ನೇರವಾಗಿ ಹೊಡೆಯುತ್ತದೆ. ತುಂಬಿದ ಲಾರಿ ಕೆಳಗಿನ ಗೇರಿನಲ್ಲಿ ಸೈಕಲ್ಲಿಗಿಂತ ನಿಧಾನವಾಗಿ ಏರುತ್ತಿತ್ತು. ಹಿಮ ಬಿದ್ದರೆ ಲಾರಿಗಳ ಸಾಲು ಅಲ್ಲೇ ಹೂತುಹೋಗುತ್ತಿತ್ತು. ಸುತ್ತಲಿನ ತೋಟದ ಮನೆಗಳವರು ಗುರುತು ಪರಿಚಯ ಇಲ್ಲದ ಡ್ರೈವರುಗಳಿಗೆ ಬಾಗಿಲು ತೆರೆದು, ಊಟ ಹಾಕಿ, ಮಲಗಲು ಜಾಗ ಕೊಟ್ಟರು. 1970ರಲ್ಲಿ ಪಕ್ಕದಲ್ಲಿ ಎಂ6 ಹೆದ್ದಾರಿ ಬಂದು ಹಳೆಯ ದಾರಿ ಬರಿದಾಯಿತು. ಈಗ ಅಲ್ಲಿ ಒಂದು ಸ್ಮಾರಕ ಕಲ್ಲಿದೆ. ಆ ದುರ್ಗಮ ದಾರಿಯಲ್ಲಿ ಗಾಡಿ ನಡೆಸಿದವರನ್ನು, ರಸ್ತೆ ಕಟ್ಟಿ ಕಾಪಾಡಿದವರನ್ನು, ಸಿಕ್ಕಿಬಿದ್ದವರಿಗೆ ಅನ್ನ ಆಶ್ರಯ ಕೊಟ್ಟ ಸ್ಥಳೀಯರನ್ನು ಅದು ನೆನೆಯುತ್ತದೆ. ರಾಜರಿಗೆ, ಸೇನಾಪತಿಗಳಿಗೆ ಕಲ್ಲು ನಿಲ್ಲಿಸಿದ ದೇಶದಲ್ಲಿ ಲಾರಿ ಡ್ರೈವರುಗಳಿಗೆ ನಿಂತ ಆ ಕಲ್ಲು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹಗ್ಗ ಮತ್ತು ಟಾರ್ಪಾಲಿನ ಮಾತು ಬಿಡುವ ಹಾಗಿಲ್ಲ. ಬಹುಪಾಲು ಲಾರಿಗಳದ್ದು ಬರಿಯ ಚಪ್ಪಟೆ ಹಲಗೆ. ಅದರ ಮೇಲೆ ಉಣ್ಣೆಯ ಮೂಟೆ, ಕಾಗದದ ಉರುಳೆ, ಪೀಪಾಯಿ, ಉಕ್ಕಿನ ಸಲಾಕೆ, ಗಾಜಿನ ಪೆಟ್ಟಿಗೆ ಏನು ಬಂದರೂ ಡ್ರೈವರೇ ಜೋಡಿಸಿ, ಹೊದಿಸಿ, ಬಿಗಿಯಬೇಕು. ಕ್ಯಾನ್ವಾಸಿನ ಟಾರ್ಪಾಲು ಒಣಗಿದ್ದಾಗಲೇ ಭಾರ; ಮಳೆಯಲ್ಲಿ ನೆಂದರೆ, ಚಳಿಯಲ್ಲಿ ಹೆಪ್ಪುಗಟ್ಟಿದರೆ, ಒಬ್ಬನೇ ಅದನ್ನು ಲೋಡಿನ ತಲೆಗೆ ಏರಿಸುವುದು ಹೋರಾಟ. ಮುಂದಿನಿಂದ ಹಿಂದಕ್ಕೆ ಹೊದಿಸಬೇಕೋ ಹಿಂದಿನಿಂದ ಮುಂದಕ್ಕೋ, ಮಡಿಕೆಯ ಬಾಯಿ ಯಾವ ಕಡೆ ಬಂದರೆ ಗಾಳಿ ಒಳಗೆ ನುಗ್ಗುವುದಿಲ್ಲ, ಎರಡು ಟಾರ್ಪಾಲು ಸೇರುವಲ್ಲಿ ನೀರು ಇಳಿಯದ ಹಾಗೆ ಯಾವುದು ಮೇಲೆ ಬರಬೇಕು, ಮೂಲೆಯನ್ನು ಹೇಗೆ ಕೊರಳಪಟ್ಟಿಯಷ್ಟು ಒಪ್ಪವಾಗಿ ಮಡಿಸಬೇಕು ಎಂಬುದಕ್ಕೆಲ್ಲ ಕ್ರಮವಿತ್ತು. ಆಮೇಲೆ ಹಗ್ಗ. ‘ಡಾಲಿ’ ಎಂಬ ಗಂಟು ಅವರ ಹೆಮ್ಮೆ. ಹಗ್ಗದಲ್ಲೇ ಒಂದು ಕುಣಿಕೆ ಹಾಕಿ, ತುದಿಯನ್ನು ಕೆಳಗಿನ ಕೊಕ್ಕೆಗೆ ಸುತ್ತಿ, ಕುಣಿಕೆಯೊಳಗಿಂದ ತಂದು ಮೈಭಾರ ಬಿಟ್ಟು ಜಗ್ಗಿದರೆ ಒಬ್ಬನ ಬಲಕ್ಕೆ ಇಬ್ಬರ ಬಲ ಬರುತ್ತದೆ. ಬಿಚ್ಚುವಾಗ ಒಂದೇ ಎಳೆತಕ್ಕೆ ಸಡಿಲ. ನಮ್ಮ ಕೃಷಿ ಮಾರುಕಟ್ಟೆಗಳ ಹಮಾಲಿಗಳು, ಕ್ಲೀನರುಗಳು ಲೋಡಿನ ಮೇಲೆ ನಿಂತು ಹಾಕುವ ಬಿಗಿತವೂ ಇದೇ ವಂಶದ್ದು. ಒಳ್ಳೆಯ ಡ್ರೈವರು ಹತ್ತು ಮೈಲಿ ಹೋದಮೇಲೆ ನಿಲ್ಲಿಸಿ ಹಗ್ಗಗಳನ್ನೆಲ್ಲ ಮತ್ತೊಮ್ಮೆ ಎಳೆದು ನೋಡುತ್ತಿದ್ದ, ಏಕೆಂದರೆ ಲೋಡು ಕುಳಿತುಕೊಂಡ ಮೇಲೆ ಹಗ್ಗ ಸಡಿಲಾಗುತ್ತದೆ. ಯಾರೂ ನೋಡದ ರಾತ್ರಿಯಲ್ಲಿ, ಮಳೆಯಲ್ಲಿ ಇಳಿದು ಹಾಗೆ ನೋಡುವವನು ಕೆಲಸಗಾರ.

ಹಿಂದೆ ಟ್ರೇಲರ್ ಕಟ್ಟಿದ ಲಾರಿಗೆ ಡ್ರೈವರಲ್ಲದೆ ಇನ್ನೊಬ್ಬ ಸಹಾಯಕ ಇರಲೇಬೇಕೆಂದು ಕಾನೂನಿತ್ತು. ಏರಿನಲ್ಲಿ ಗಾಡಿ ನಿಂತರೆ ಇಳಿದು ಚಕ್ರಕ್ಕೆ ಮರದ ತುಂಡು ಕೊಡುವವನು ಅವನೇ. ಹುಡುಗರು ಹೀಗೆ ಸೇರಿ, ನೋಡುತ್ತ ಕಲಿತು, ಒಂದು ದಿನ ಸ್ಟೀರಿಂಗ್ ಹಿಡಿಯುತ್ತಿದ್ದರು. ನಮ್ಮಲ್ಲಿ ಕ್ಲೀನರು ಡ್ರೈವರಾಗುವ ಹಾದಿಯೂ ಇದೇ.

ರಾತ್ರಿ ಎಲ್ಲಿ ತಂಗುವುದು? ಮಲಗುವ ಕ್ಯಾಬಿನ್ನು ಆಗ ಅಪರೂಪ. ಪ್ರತಿ ದೊಡ್ಡ ಊರಿನಲ್ಲಿ ಡ್ರೈವರುಗಳಿಗೆಂದೇ ಕೋಣೆ ಕೊಡುವ ಮನೆಗಳಿದ್ದವು. ಅವಕ್ಕೆ ‘ಡಿಗ್ಸ್’ ಎನ್ನುತ್ತಿದ್ದರು. ಒಂದು ಕೋಣೆಯಲ್ಲಿ ನಾಲ್ಕಾರು ಮಂಚ. ರಾತ್ರಿ ಪಾಳಿಯವನು ಎದ್ದುಹೋದ ಹಾಸಿಗೆ ಆರುವ ಮೊದಲೇ ಹಗಲಿನವನು ಬಂದು ಮಲಗುವುದೂ ಉಂಟು. ಕೆಲವು ಮನೆಯೊಡತಿಯರು ತಾಯಿಯಂಥವರು, ಒದ್ದೆ ಕೋಟನ್ನು ಒಲೆಯ ಮುಂದೆ ಒಣಗಿಸಿ, ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವವರು. ಕೆಲವು ಮನೆಗಳ ಹೆಸರು ತೆಗೆದರೆ ಈಗಲೂ ಹಳಬರು ಮುಖ ಸಿಂಡರಿಸುತ್ತಾರೆ. ದಾರಿಯಲ್ಲಿ ಟ್ರಾನ್ಸ್‌ಪೋರ್ಟ್ ಕೆಫೆಗಳು. ದೊಡ್ಡ ಬಟ್ಟಲಲ್ಲಿ ಗಟ್ಟಿ ಚಹಾ, ಹಂದಿಮಾಂಸ, ಮೊಟ್ಟೆ, ಎಣ್ಣೆಯಲ್ಲಿ ಕರಿದ ಬ್ರೆಡ್ಡು. ಲಂಡನ್ನಿನ ಉತ್ತರ ವರ್ತುಲ ರಸ್ತೆಯಲ್ಲಿ 1938ರಲ್ಲಿ ಶುರುವಾದ ಏಸ್ ಕೆಫೆ ಮುಂದೆ ಮೋಟರ್‌ಬೈಕಿನ ಹುಡುಗರಿಂದ ಪ್ರಸಿದ್ಧವಾಯಿತು, ಆದರೆ ಅದು ಹುಟ್ಟಿದ್ದು ಲಾರಿಯವರಿಗಾಗಿ. ಯಾವ ಕಟ್ಟೆಯಲ್ಲಿ ವಾಪಸ್ ಲೋಡು ಸಿಗುತ್ತದೆ, ಯಾವ ಸೇತುವೆ ತಗ್ಗು, ಎಲ್ಲಿ ಪೊಲೀಸರು ಕಾಯುತ್ತಿದ್ದಾರೆ ಎಂಬ ಸುದ್ದಿಯೆಲ್ಲ ಆ ಮೇಜುಗಳ ಮೇಲೇ ಹರಿದಾಡುತ್ತಿತ್ತು. ಮನೆಯಲ್ಲೇ ಮಲಗಬೇಕೆನ್ನುವವರಿಗೆ ಇನ್ನೊಂದು ಉಪಾಯವಿತ್ತು. ಲಂಡನ್ನಿನಿಂದ ಒಬ್ಬ, ಉತ್ತರದ ಊರಿನಿಂದ ಒಬ್ಬ ಹೊರಟು, ನಡುದಾರಿಯ ಕೆಫೆಯಲ್ಲಿ ಲಾರಿಗಳನ್ನು ಅದಲುಬದಲು ಮಾಡಿಕೊಂಡು ಬಂದ ದಾರಿಯಲ್ಲೇ ಹಿಂತಿರುಗುವುದು. ಸರಕು ಮುಂದೆ ಹೋಗುತ್ತದೆ, ಮನುಷ್ಯ ಮನೆ ಸೇರುತ್ತಾನೆ. ಹೀಗೆ ವರ್ಷಗಟ್ಟಲೆ ರಾತ್ರಿ ಹತ್ತು ನಿಮಿಷ ಭೇಟಿಯಾಗುತ್ತಿದ್ದ ಇಬ್ಬರ ನಡುವೆ ಎಂಥ ಸ್ನೇಹ ಬೆಳೆದಿರಬಹುದು!

ಸರ್ಕಾರದ ಅಧ್ಯಾಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1947ರ ಸಾರಿಗೆ ಕಾಯ್ದೆ ದೂರದ ಸಾಗಣೆಯನ್ನು ರಾಷ್ಟ್ರೀಕರಣ ಮಾಡಿತು. ಬ್ರಿಟಿಷ್ ರೋಡ್ ಸರ್ವಿಸಸ್ ಎಂಬ ಸಂಸ್ಥೆಯ ಕೆಳಗೆ ಸುಮಾರು 40,000 ಲಾರಿಗಳು ಬಂದವು. ಉಳಿದ ಖಾಸಗಿಯವರಿಗೆ ತಮ್ಮ ನೆಲೆಯಿಂದ 25 ಮೈಲಿ ಆಚೆಗೆ ಬಾಡಿಗೆ ಸರಕು ಒಯ್ಯಲು ಅಪ್ಪಣೆ ಬೇಕಿತ್ತು. ಚಿನ್ನದ ಅಕ್ಷರದ ಎಷ್ಟೋ ಹೆಸರುಗಳ ಮೇಲೆ ಕೆಂಪು ಬಣ್ಣ ಬಿತ್ತು. 1953ರಲ್ಲಿ ಕನ್ಸರ್ವೇಟಿವ್ ಸರ್ಕಾರ ಅದನ್ನು ತಿರುಗಿಸಿ, ಲಾರಿಗಳನ್ನು ಗುಂಪು ಗುಂಪಾಗಿ ಮಾರತೊಡಗಿತು. ರಾಜಕೀಯದವರು ಇದರಲ್ಲಿ ಗೆಲುವು ಸೋಲು ಹುಡುಕಲಿ. ಡ್ರೈವರುಗಳು ಮಾತ್ರ ಸರ್ಕಾರಿ ದಿನಗಳ ಸಂಬಳ, ನಿಯಮ, ದುರಸ್ತಿಯ ಶಿಸ್ತನ್ನು ಒಳ್ಳೆಯ ಮಾತಿನಲ್ಲೇ ನೆನೆಯುತ್ತಾರೆ. ಅದರ ಎದುರು ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಸಾವಿನ ವೇಗಕ್ಕೆ ದೂಡುವ ಧಣಿಗಳ ಲೋಕವನ್ನು ನೋಡಬೇಕೆಂದರೆ 1957ರ ‘ಹೆಲ್ ಡ್ರೈವರ್ಸ್’ ಸಿನಿಮಾ ಇದೆ. ಸ್ಟ್ಯಾನ್ಲಿ ಬೇಕರ್ ನಾಯಕ. ಜಲ್ಲಿ ಹೊತ್ತ ಡಾಜ್ ಲಾರಿಗಳು ಕಿರಿದಾದ ಹಳ್ಳಿ ದಾರಿಯಲ್ಲಿ ಒಂದನ್ನೊಂದು ಅಟ್ಟುವ ದೃಶ್ಯಗಳು ಇವತ್ತಿಗೂ ಉಸಿರು ಹಿಡಿಸುತ್ತವೆ.

ಬಾನುಲಿಯಲ್ಲಿ ಕುಳಿತು ಸದ್ದಿನ ಬಗ್ಗೆ ಹೇಳದಿದ್ದರೆ ಹೇಗೆ? ಆಗ ಮಕ್ಕಳು ಮನೆಯೊಳಗಿದ್ದೇ ಹೊರಗೆ ಹೋಗುವ ಲಾರಿಯ ಹೆಸರು ಹೇಳುತ್ತಿದ್ದರು. ಗಾರ್ಡ್‌ನರ್ ನಿಂತಲ್ಲಿ ಎಣಿಸಬಹುದಾದಷ್ಟು ಬಿಡಿಬಿಡಿಯಾಗಿ ಬಡಿಯುತ್ತದೆ. ಫೋಡೆನ್ನರು 1948ರಲ್ಲಿ ತಮ್ಮದೇ ಟೂ-ಸ್ಟ್ರೋಕ್ ಡೀಸೆಲ್ ತಂದರು. ನಾಲ್ಕು ಲೀಟರು ಚಿಲ್ಲರೆಯ ಆ ಪುಟ್ಟ ಎಂಜಿನ್ನು ಏರಿನಲ್ಲಿ ಕಿರುಚುತ್ತಿತ್ತು, ಅದರ ಹಿಂದೆ ಹನ್ನೆರಡು ಗೇರು. 1954ರಲ್ಲಿ ಕಾಮರ್ ಲಾರಿಗೆ ಬಂದ ಟಿಎಸ್3 ಇನ್ನೂ ವಿಚಿತ್ರ. ಸಿಲಿಂಡರು ಮೂರು, ಪಿಸ್ಟನ್ನು ಆರು. ಒಂದೊಂದು ಸಿಲಿಂಡರಿನಲ್ಲಿ ಎರಡೆರಡು ಪಿಸ್ಟನ್ನು ಎದುರುಬದುರಾಗಿ ಓಡಿಬಂದು ನಡುವೆ ಗಾಳಿಯನ್ನು ಅದುಮುತ್ತವೆ. ಸಿಲಿಂಡರಿಗೆ ತಲೆಯೇ ಇಲ್ಲ. ಅದರ ಗಡಸು ಬಡಿತಕ್ಕೆ ‘ನಾಕರ್’ ಎಂದೇ ಅಡ್ಡಹೆಸರು. ಹಳೆಯ ಗಾಡಿಗಳ ಮೇಳಗಳಲ್ಲಿ ಅದು ಶುರುವಾದರೆ ಈಗಲೂ ಜನ ಮಾತು ನಿಲ್ಲಿಸಿ ತಿರುಗಿ ನೋಡುತ್ತಾರೆ.

ಸ್ಕ್ಯಾಮೆಲ್ಲಿನ ಮೂರು ಚಕ್ರದ ‘ಯಾಂತ್ರಿಕ ಕುದುರೆ’ ನನಗೆ ವಿಶೇಷ ಪ್ರೀತಿಯದು. ರೈಲ್ವೆ ಕಂಪನಿಗಳು ಸಾವಿರಾರು ಕುದುರೆಗಳಿಂದ ಊರೊಳಗೆ ಸರಕು ಮುಟ್ಟಿಸುತ್ತಿದ್ದವು. ಉಗ್ರಾಣಗಳ ಅಂಗಳ, ಓಣಿ, ಕಮಾನು ಎಲ್ಲ ಕುದುರೆ ತಿರುಗುವ ಅಳತೆಗೆ ಕಟ್ಟಿದವು. ನಾಲ್ಕು ಚಕ್ರದ ಲಾರಿ ಅಲ್ಲಿ ಹೊರಳಲಾರದು. ಅದಕ್ಕೆ 1934ರಲ್ಲಿ ಸ್ಕ್ಯಾಮೆಲ್ ಮುಂದೆ ಒಂದೇ ಚಕ್ರದ ಎಳೆಗಾಡಿ ಮಾಡಿತು. ನಿಂತಲ್ಲೇ ತಿರುಗುತ್ತದೆ, ಹಿಂದಕ್ಕೆ ಸರಿದರೆ ಬಂಡಿ ತಾನಾಗಿ ಕೊಂಡಿ ಹಾಕಿಕೊಳ್ಳುತ್ತದೆ. ಕಟ್ಟಡ ಕೆಡವದೆ, ಗಾಡಿಯನ್ನು ಕಟ್ಟಡಕ್ಕೆ ಹೊಂದಿಸಿದ ಆ ವಿನಯದ ಎಂಜಿನಿಯರಿಂಗ್ ನೋಡಿದರೆ ಮನಸ್ಸು ತುಂಬುತ್ತದೆ.

ಇನ್ನು ಅಂತ್ಯದ ಆರಂಭ. 1957ರಲ್ಲಿ ವೇಗಮಿತಿ 20ರಿಂದ 30 ಮೈಲಿಗೆ ಏರಿತು. 1958ರ ಡಿಸೆಂಬರಿನಲ್ಲಿ ಪ್ರೆಸ್ಟನ್ ಬೈಪಾಸ್, 1959ರ ನವೆಂಬರ್ 2ರಂದು ಎಂ1 ಹೆದ್ದಾರಿ ತೆರೆದವು. ಎಂ1ರಲ್ಲಿ ಆರಂಭಕ್ಕೆ ಸಾಮಾನ್ಯ ವೇಗಮಿತಿಯೇ ಇರಲಿಲ್ಲ. ಲಾರಿಯವರು ದಶಕಗಳಿಂದ ಬೇಡಿದ ರಸ್ತೆ ಅದು. ಅದೇ ಅವರ ಗಾಡಿಗಳನ್ನು ಬಯಲಿಗೆಳೆಯಿತು. ಇಪ್ಪತ್ತು ಮೈಲಿಗೆಂದು ಕಟ್ಟಿದ ಎಂಜಿನ್ನು ಗಂಟೆಗಟ್ಟಲೆ ಪೂರ್ತಿ ಒತ್ತಡದಲ್ಲಿ ಓಡಬೇಕಾಯಿತು. ಎಣ್ಣೆ ಉಳಿಸುವುದೇ ಗುಣವಾಗಿದ್ದಲ್ಲಿ ಈಗ ಶಕ್ತಿಯೇ ಗುಣವಾಯಿತು. 1964ರ ನಿಯಮಗಳು ಎಂಟು ಚಕ್ರದ ಇಡಿ ಲಾರಿಗೆ 28 ಟನ್, ಎಳೆಗಾಡಿ-ಟ್ರೇಲರ್ ಜೋಡಿಗೆ 32 ಟನ್ ಒಪ್ಪಿದ ಮೇಲೆ ಮ್ಯಾಮತ್ ಮೇಜರ್, ಆಕ್ಟೋಪಸ್‌ಗಳ ದೂರದ ಓಟವೂ ಕ್ಷೀಣಿಸಿತು. 1967ರಲ್ಲಿ ಸ್ವೀಡನ್ನಿನ ವೋಲ್ವೊ ಬಂದಿಳಿಯಿತು. ಉಕ್ಕಿನ ಕ್ಯಾಬಿನ್ನು, ಬೆಚ್ಚನೆಯ ಹೀಟರು, ಮೆತ್ತನೆಯ ಸೀಟು, ದೊಡ್ಡ ಮಾದರಿಗಳಲ್ಲಿ ಮಲಗಲು ಹಾಸಿಗೆ. ಒಮ್ಮೆ ಅದರಲ್ಲಿ ಕುಳಿತ ಡ್ರೈವರು ಮತ್ತೆ ಗೋಣಿಚೀಲಕ್ಕೆ ಯಾಕೆ ಮರಳಿಯಾನು? ಡ್ರೈವರ ಮೈಗೆ ಆಗುವ ನೋವನ್ನು ಬೆಲೆಪಟ್ಟಿಯಲ್ಲಿ ಎಣಿಸದಿದ್ದುದು ಬ್ರಿಟಿಷ್ ತಯಾರಕರ ಘೋರ ತಪ್ಪು. ಆ ಲಾರಿಗಳನ್ನು ಇಷ್ಟು ಪ್ರೀತಿಸುವ ನಾನೂ ಇದನ್ನು ಹೇಳಲೇಬೇಕು.

ಕುಸಿತ ಬೇಗ ಬಂತು. 1962ರಲ್ಲಿ ಎಇಸಿ ಲೇಲ್ಯಾಂಡಿನ ತೆಕ್ಕೆಗೆ. 1968ರಲ್ಲಿ ಅವೆರಡೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಭಾರಿ ಗಂಟಿನೊಳಕ್ಕೆ. ಲಾಭದ ಲಾರಿಯ ಹಣ ನಷ್ಟದ ಕಾರಿಗೆ ಸುರಿಯಿತು. 1979ರಲ್ಲಿ ಸೌತಾಲ್ ಮುಚ್ಚಿತು, 1988ರಲ್ಲಿ ವ್ಯಾಟ್‌ಫರ್ಡಿನ ಸ್ಕ್ಯಾಮೆಲ್. ಸ್ಯಾಂಡ್‌ಬ್ಯಾಚಿನ ಎರಡು ಮನೆಗಳು ಹೊರಗಿನವರ ಕೈ ಸೇರಿ, ಫೋಡೆನ್ ಹೆಸರು 2006ರಲ್ಲಿ, ಇಆರ್‌ಎಫ್ 2007ರಲ್ಲಿ ಅಳಿದವು. ಲೇಲ್ಯಾಂಡ್ ಊರಿನಲ್ಲಿ ಲಾರಿ ಕಾರ್ಖಾನೆ ಈಗಲೂ ನಡೆಯುತ್ತಿದೆ, ಅಲ್ಲಿಂದ ಹೊರಬರುವ ಗಾಡಿಗಳ ಮೇಲೆ ಇರುವ ಹೆಸರು ಡಚ್ ಮೂಲದ ಡಿಎಎಫ್.

ಲೇಲ್ಯಾಂಡ್ ಎಂಬ ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು. 1948ರಲ್ಲಿ ರಘುನಂದನ್ ಸರನ್ ಸ್ಥಾಪಿಸಿದ ಅಶೋಕ್ ಮೋಟರ್ಸ್ ಮದ್ರಾಸಿನ ಎಣ್ಣೂರಿನಲ್ಲಿ ಮೊದಲು ಆಸ್ಟಿನ್ ಕಾರು ಜೋಡಿಸುತ್ತಿತ್ತು. 1950ರ ದಶಕದ ಆರಂಭದಲ್ಲಿ ಅಲ್ಲಿ ಲೇಲ್ಯಾಂಡ್ ಕಾಮೆಟ್ ಜೋಡಣೆ ಶುರುವಾಯಿತು; 1955ರಲ್ಲಿ ಕಂಪನಿ ಅಶೋಕ್ ಲೇಲ್ಯಾಂಡ್ ಆಯಿತು. ಬೀವರ್, ಹಿಪ್ಪೋಗಳೂ ಸಮುದ್ರ ದಾಟಿ ಬಂದವು. 1980ರಲ್ಲಿ ನಮ್ಮ ಗಡಿಗೆ ತಾಗಿದ ಹೊಸೂರಿನಲ್ಲಿ ಇನ್ನೊಂದು ಕಾರ್ಖಾನೆ ಬಂತು. ಮಾತೃಸಂಸ್ಥೆ ಕರಗಿದ ಮೇಲೂ ಲ್ಯಾಂಕಾಷೈರಿನ ಆ ಪುಟ್ಟ ಊರಿನ ಹೆಸರು ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದ ದಾರಿಗಳಲ್ಲಿ ಹಗಲೂ ರಾತ್ರಿ ಓಡುತ್ತಿದೆ.

ಬ್ರಿಟನ್ನಿನವರು ತಮ್ಮ ಹಳೆಯ ಲಾರಿಗಳನ್ನು ಜತನದಿಂದ ಕಾಪಾಡಿಕೊಂಡಿದ್ದಾರೆ. ಲೇಲ್ಯಾಂಡಿನ ಹಳೆಯ ಕಾರ್ಖಾನೆಯ ಭಾಗದಲ್ಲೇ ವಾಣಿಜ್ಯ ವಾಹನಗಳ ಸಂಗ್ರಹಾಲಯವಿದೆ. 1960ರ ದಶಕದಿಂದ ವರ್ಷಕ್ಕೊಮ್ಮೆ ಲಂಡನ್ನಿನಿಂದ ಬ್ರೈಟನ್ನಿಗೆ ಹಳೆಯ ಲಾರಿ ಬಸ್ಸುಗಳ ಮೆರವಣಿಗೆ ನಡೆಯುತ್ತ ಬಂದಿದೆ. ಗಾಡಿಗಳಿಗಿಂತ ನನಗೆ ಮುಖ್ಯವೆನಿಸಿದ್ದು ಅವರು ದನಿಗಳನ್ನೂ ಕಾದಿಟ್ಟದ್ದು. 1959ರಲ್ಲಿ ಎಂ1 ಕಟ್ಟುತ್ತಿದ್ದಾಗ ಬಿಬಿಸಿಗಾಗಿ ಇವಾನ್ ಮೆಕಾಲ್, ಪೆಗ್ಗಿ ಸೀಗರ್ ಮತ್ತು ಚಾರ್ಲ್ಸ್ ಪಾರ್ಕರ್ ಧ್ವನಿಮುದ್ರಣ ಯಂತ್ರ ಹೊತ್ತು ಕೆಲಸಗಾರರ ಬಳಿಗೇ ಹೋದರು. ಅವರ ಮಾತುಗಳನ್ನು ಹಾಡುಗಳ ನಡುವೆ ಪೋಣಿಸಿ ‘ಸಾಂಗ್ ಆಫ್ ಎ ರೋಡ್’ ಎಂಬ ಕಾರ್ಯಕ್ರಮ ಮಾಡಿದರು. ಆ ಶ್ರಮಜೀವಿಗಳ ದನಿ ಇವತ್ತಿಗೂ ಕೇಳಸಿಗುತ್ತದೆ.

ಕಾಮೆಟ್ ಲಾರಿಗಳನ್ನು ಶಿರಾಡಿ, ಅರಬೈಲು ಘಟ್ಟಗಳಲ್ಲಿ ಇಳಿಸಿದ ನಮ್ಮ ಡ್ರೈವರುಗಳಿಗೆ ಈಗ ಎಪ್ಪತ್ತೈದು, ಎಂಬತ್ತು ವರ್ಷ. ನಮ್ಮ ಆಕಾಶವಾಣಿಯವರಲ್ಲಿ, ಕಾಲೇಜುಗಳ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಕೈಯಲ್ಲಿರುವ ಫೋನಿನಲ್ಲೇ ಅವರ ಮಾತು ಮುದ್ರಿಸಿಕೊಳ್ಳಿ. ಅಡಿಕೆ ಮೂಟೆಗೆ ಹಗ್ಗ ಹೇಗೆ ಹಾಕುತ್ತಿದ್ದಿರಿ, ಹತ್ತಿಯ ಅಂಡಿಗೆಗೆ ಹೇಗೆ ಎಂದು ಕೇಳಿ. ಮಳೆಗಾಲದಲ್ಲಿ ಘಟ್ಟದ ತಲೆಯಲ್ಲಿ ಯಾವ ಗೇರು ಹಾಕುತ್ತಿದ್ದಿರಿ, ಎಲ್ಲಿ ಊಟ, ಎಲ್ಲಿ ನಿದ್ದೆ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ಕ್ಲೀನರು ಯಾರು, ಅವನೀಗ ಎಲ್ಲಿದ್ದಾನೆ ಎಂದು ಕೇಳಿ. ಡಬಲ್ ಕ್ಲಚ್ಚಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿ ಎನ್ನಿ, ಮಾಡಿ ತೋರಿಸುತ್ತಾರೆ.